ಆಟೋಫೇಜಿಯ ಸ್ವಿಚ್ಚಿಗೆ ವೈರಸ್ ಕೈ ಹಾಕಿದಾಗ

ಹೋದ ಸಂಚಿಕೆ ಆದಮೇಲೆ ಕೇಳುಗರೊಬ್ಬರು ಒಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿದ್ರು. ಏಕಾದಶಿ ಉಪವಾಸ ಮಾಡಿದ್ರೆ ಆಟೋಫೇಜಿ ಶುರುವಾಗುತ್ತೆ, ಕೋಶಗಳು ವೈರಸ್ಸನ್ನ ತಿಂದುಹಾಕ್ತವೆ, ಇದಕ್ಕೆ ನೊಬೆಲ್ ಕೂಡ ಬಂದಿದೆ ಅಂತ ಅದರಲ್ಲಿತ್ತು. ಊರಲ್ಲಿರೋ ಅವರಮ್ಮ ಇನ್ಸುಲಿನ್ ತಗೋತಾರೆ. ಅದನ್ನ ಓದಿ, ನೀರೂ ಮುಟ್ಟದ ಉಪವಾಸಕ್ಕೆ ಹೊರಟಿದ್ದಾರಂತೆ. ನಾನೇನು ಹೇಳಲಿ ಅಂತ ಇವರ ಪ್ರಶ್ನೆ.

ನೊಬೆಲ್ ವಿಷಯ ನಿಜ. ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ಬಂತು. ಆದರೆ ಅವರು ಉಪವಾಸ ಕೆಡವಿದ್ದು ಮನುಷ್ಯರನ್ನಲ್ಲ, ಯೀಸ್ಟನ್ನ! ಯೀಸ್ಟ್ ಕೋಶದೊಳಗೆ ಕಸ ಅರಗಿಸೋ ಒಂದು ಚೀಲ ಇರುತ್ತೆ. ಅರಗಿಸೋ ಕಿಣ್ವಗಳೇ ಇಲ್ಲದ ಯೀಸ್ಟನ್ನ ಆರಿಸಿ, ಪೋಷಕಾಂಶ ನಿಲ್ಲಿಸಿ, ಓಸುಮಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ರು. ಕೆಲವೇ ಗಂಟೆಯಲ್ಲಿ ಚೀಲದ ತುಂಬ ಪುಟ್ಟ ಪುಟ್ಟ ಗುಳ್ಳೆಗಳು. ಅರಗದೆ ಉಳಿದವು, ಅದಕ್ಕೇ ಕಣ್ಣಿಗೆ ಬಿದ್ದವು. ಕೋಶ ತನ್ನದೇ ಭಾಗಗಳನ್ನ ಪೊರೆಯಲ್ಲಿ ಸುತ್ತಿ ಚೀಲಕ್ಕೆ ಸಾಗಿಸ್ತಿತ್ತು.

ನಮ್ಮ ಕೋಶಗಳಲ್ಲೂ ಇದೇ ನಡೆಯುತ್ತೆ. ಎರಡು ಪದರದ ಪೊರೆ ಹಳೇ ಪ್ರೋಟೀನನ್ನೋ ಕೆಟ್ಟ ಮೈಟೋಕಾಂಡ್ರಿಯವನ್ನೋ ಸುತ್ತುವರಿದು ಲೈಸೋಸೋಮ್ ಜೊತೆ ಬೆಸೆದುಕೊಳ್ಳುತ್ತೆ. ಒಳಗಿದ್ದದ್ದು ಅರಗಿ ಅಮೈನೋ ಆಮ್ಲಗಳಾಗಿ ವಾಪಸ್ ಬರುತ್ತೆ. ಇದಕ್ಕೊಂದು ಮುಖ್ಯ ಸ್ವಿಚ್ಚು ಎಮ್‌ಟಾರ್ ಅನ್ನೋ ಪ್ರೋಟೀನು. ಅಮೈನೋ ಆಮ್ಲ, ಇನ್ಸುಲಿನ್ ಸಾಕಷ್ಟಿದ್ರೆ ಅದು ಆಟೋಫೇಜಿಯನ್ನ ತಡೆದಿಡುತ್ತೆ. ಅವು ಕಡಿಮೆಯಾದ್ರೆ ತಡೆ ಸಡಿಲ.

ಇದು ಬರೀ ಕಸ ಗುಡಿಸೋ ಕೆಲಸ ಅಂದ್ಕೋಬೇಡಿ. ಇಲಿಮರಿ ಹುಟ್ಟಿದ ತಕ್ಷಣ ಹೊಕ್ಕುಳಬಳ್ಳಿಯ ಪೂರೈಕೆ ನಿಂತುಹೋಗುತ್ತೆ. ಆ ಮೊದಲ ಕೆಲವು ಗಂಟೆಗಳಲ್ಲಿ ಅದರ ಹೃದಯ, ಶ್ವಾಸಕೋಶ, ಸ್ನಾಯುಗಳಲ್ಲೆಲ್ಲ ಆಟೋಫೇಜಿ ಜೋರಾಗುತ್ತೆ. ಅದಕ್ಕೆ ಬೇಕಾದ ಒಂದು ಜೀನ್ ಇಲ್ಲದ ಮರಿಗಳು ಹೆಚ್ಚುಕಮ್ಮಿ ಒಂದೇ ದಿನದಲ್ಲಿ ಸತ್ತುಹೋದವು ಅಂತ 2004ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದ್ರು.

ಈಗ ವೈರಸ್ ಕಡೆ ಬರೋಣ. ಅನೇಕ ವೈರಸ್‌ಗಳು ಕೋಶದೊಳಗೆ ಬೆಳೆಯುವಾಗ ಎರಡೆಳೆಯ ಆರ್‌ಎನ್‌ಎ ಉಂಟಾಗುತ್ತೆ. ಅದರ ವಾಸನೆ ಹಿಡಿಯೋ ಕಾವಲುಗಾರ ಪಿಕೆಆರ್. ಅದು ಹೊಸ ಪ್ರೋಟೀನ್ ತಯಾರಿಕೆಗೆ ಬ್ರೇಕ್ ಹಾಕುತ್ತೆ, ಆಟೋಫೇಜಿಯನ್ನೂ ಎಬ್ಬಿಸುತ್ತೆ. ಬಾಯಿಹುಣ್ಣು ತರೋ ಹರ್ಪಿಸ್ ವೈರಸ್ ಇದಕ್ಕೆ ತಯಾರಾಗೇ ಬರುತ್ತೆ. ಅದರ ಒಂದು ಪ್ರೋಟೀನು ಪಿಕೆಆರ್ ಹಾಕಿದ ಬ್ರೇಕನ್ನ ಬಿಡಿಸುತ್ತೆ; ಅದೇ ಪ್ರೋಟೀನು, ಆಟೋಫೇಜಿ ಶುರುವಾಗೋಕೆ ಬೇಕಾದ ಬೆಕ್ಲಿನ್ ಅನ್ನೂ ಹಿಡಿದು ಕೂರುತ್ತೆ. ಬೆಕ್ಲಿನ್ ಕಂಡುಹಿಡಿದ ಅಮೆರಿಕದ ಬೆತ್ ಲಿವೈನ್ ಅವರ ತಂಡ, 2007ರಲ್ಲಿ ಈ ಹಿಡಿತ ಮಾತ್ರ ಕತ್ತರಿಸಿದ ವೈರಸ್ಸನ್ನ ಇಲಿಗಳ ಮಿದುಳಿಗೆ ಕೊಟ್ಟಿತು. ಮಾಮೂಲಿ ಹರ್ಪಿಸ್ ಮಾಡುವಂಥ ಮಾರಕ ಮಿದುಳಿನ ಉರಿಯೂತವನ್ನ ಅದು ಮಾಡಲಾಗಲಿಲ್ಲ. ಪಿಕೆಆರ್ ಇಲ್ಲದ ಇಲಿಗಳಲ್ಲಿ? ಅದೇ ವೈರಸ್ ಮತ್ತೆ ಮಾರಕವಾಯ್ತು. ನನಗೆ ತುಂಬ ಇಷ್ಟವಾದ ಪ್ರಯೋಗ ಇದು.

ಹಾಗಾದ್ರೆ ಆಟೋಫೇಜಿ ಹೆಚ್ಚಿದಷ್ಟೂ ಒಳ್ಳೇದಾ? ಇಲ್ಲಿ ಪೋಲಿಯೋ ವೈರಸ್ ಲೆಕ್ಕ ತಪ್ಪಿಸುತ್ತೆ. ಅದು ಆಟೋಫೇಜಿಯ ಪೊರೆಗಳನ್ನೇ ತನ್ನ ಕಾರ್ಖಾನೆ ಮಾಡ್ಕೊಳ್ಳುತ್ತೆ. ಪ್ರಯೋಗಾಲಯದ ಕೋಶಗಳಲ್ಲಿ ಔಷಧ ಕೊಟ್ಟು ಆಟೋಫೇಜಿ ಹೆಚ್ಚಿಸಿದಾಗ ಪೋಲಿಯೋ ವೈರಸ್ ಕೂಡ ಹೆಚ್ಚಾಯ್ತು. ಕೋವಿಡ್ ವೈರಸ್ಸಿನ ದಾರಿ ಮತ್ತೊಂದು. ಗುಳ್ಳೆ ಕಟ್ಟೋದನ್ನ ಅದು ತಡೆಯಲ್ಲ. ಅದರ ಓಆರ್‌ಎಫ್3ಎ ಅನ್ನೋ ಪ್ರೋಟೀನು ಗುಳ್ಳೆ ಲೈಸೋಸೋಮ್ ಜೊತೆ ಬೆಸೆಯದ ಹಾಗೆ ಮಾಡುತ್ತೆ. ಕಸದ ಗಾಡಿ ಹೊರಟಿದೆ, ಗೇಟು ಮುಚ್ಚಿದೆ.

ಹಾಗಾಗಿ ಆ ಫಾರ್ವರ್ಡ್‌ನಲ್ಲಿ ಹೇಳಿದ ಮಾತನ್ನ ನಂಬೋಕಾಗಲ್ಲ. ಅಮ್ಮನ ಭಕ್ತಿ ಬೇರೆ ವಿಷಯ, ಅದರ ಬಗ್ಗೆ ನಾನೇನೂ ಹೇಳಲ್ಲ. ಆದರೆ ಎಂದಿನ ಇನ್ಸುಲಿನ್ ತಗೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು, ತಾವೇ ಇನ್ಸುಲಿನ್ ಬಿಟ್ಟರೂ ಅಪಾಯವೇ. ಏಕಾದಶಿಗೆ ಮುಂಚೆ ಅವರ ಡಾಕ್ಟರಿಗೆ ಒಂದು ಫೋನ್ ಮಾಡಿಸಿ.