ಕೊಚ್ಚಿ ಯಹೂದಿ ಕುಟುಂಬಗಳಲ್ಲಿ ಧರ್ಮಜ್ಞಾನದ ಪರಂಪರೆ: ಮಹಿಳೆಯರ ಹಾಡಿನ ಪುಸ್ತಕಗಳನ್ನು ಕುರಿತು

ಯಹೂದಿ ಧರ್ಮದಲ್ಲಿ ಅಧ್ಯಯನವು ಆರಾಧನೆಯಷ್ಟೇ ಪವಿತ್ರವಾದ ಕರ್ತವ್ಯವಾಗಿದೆ. ‘ತೋರಾ’ ಎಂಬ ಧರ್ಮಗ್ರಂಥವನ್ನು ಮಗನಿಗೆ ಕಲಿಸುವ ಹೊಣೆಯನ್ನು ಶಾಸ್ತ್ರವು ತಂದೆಯ ಮೇಲೆ ಹೊರಿಸುತ್ತದೆ. ಆದುದರಿಂದ ಯಹೂದಿ ವಿದ್ಯೆ ಎಂದೊಡನೆ ರಬ್ಬಿ ಎನಿಸಿದ ಧರ್ಮಪಂಡಿತರು, ಪಾಠಶಾಲೆಗಳು ಹಾಗೂ ಪುರುಷರ ವಾಗ್ವಾದಗಳು ನೆನಪಿಗೆ ಬರುವುದು ಸಹಜ. ಕೇರಳದ ಕೊಚ್ಚಿ ಯಹೂದಿಗಳ ಕುಟುಂಬ ಜೀವನವನ್ನು ಗಮನಿಸಿದಾಗ ಈ ಚಿತ್ರ ಅಪೂರ್ಣವೆಂಬುದು ಮನದಟ್ಟಾಗುತ್ತದೆ.

ಕ್ರಿ.ಶ. ಸುಮಾರು 1000ರಲ್ಲಿ ಚೇರ ದೊರೆ ಭಾಸ್ಕರ ರವಿವರ್ಮನು ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ ತಾಮ್ರಶಾಸನದ ಮೂಲಕ ವಿಶೇಷ ಹಕ್ಕುಗಳನ್ನು ನೀಡಿದನು. ಕೊಚ್ಚಿಯ ಮಟ್ಟಾಂಚೇರಿ, ಎರ್ನಾಕುಲಂ, ಪರವೂರು, ಚೇಂದಮಂಗಲಂ ಹಾಗೂ ಮಾಳ ಎಂಬ ಊರುಗಳಲ್ಲಿ ಇವರ ಸಿನಗಾಗ್‌ಗಳು ಬೆಳೆದವು. ಮಟ್ಟಾಂಚೇರಿಯ ಪರದೇಶಿ ಸಿನಗಾಗ್ 1568ರಲ್ಲಿ ನಿರ್ಮಾಣವಾಯಿತು.

ಈ ಸಮುದಾಯದಲ್ಲಿ ರಬ್ಬಿಗಳಿರಲಿಲ್ಲ. ತಿಳಿದ ಹಿರಿಯರೇ ಪ್ರಾರ್ಥನೆಯನ್ನು ನಡೆಸುತ್ತಿದ್ದರು. ಹೀಗಾಗಿ ಧರ್ಮಜ್ಞಾನದ ಬಹುಭಾಗ ಕುಟುಂಬಗಳ ಹೊಣೆಯಾಯಿತು. ಹುಡುಗರ ಜೊತೆಗೆ ಹುಡುಗಿಯರೂ ಹೀಬ್ರೂ ಪ್ರಾರ್ಥನೆಗಳನ್ನು ಓದಲು ಕಲಿಯುತ್ತಿದ್ದರು. ಕೇರಳದ ಸಿನಗಾಗ್‌ಗಳಲ್ಲಿ ಮಹಡಿಯ ಮೇಲೆ, ಮಹಿಳೆಯರು ಕೂರುವ ಭಾಗದ ಮುಂದೆಯೇ, ಎರಡನೆಯ ಪಠನ ವೇದಿಕೆಯೊಂದು ಇರುತ್ತದೆ. ಅನ್ಯತ್ರ ಕಾಣದ ಈ ರಚನೆಯಿಂದಾಗಿ ತೋರಾ ಪಠನವನ್ನು ಅವರು ಸಮೀಪದಿಂದಲೇ ಕೇಳಬಹುದಾಗಿತ್ತು. ಮನೆಯಲ್ಲಿ ಸಬ್ಬತ್ ದೀಪ ಹಚ್ಚುವುದು, ಪೆಸಾಹ್ ಹಬ್ಬಕ್ಕೆ ಮುನ್ನ ಹುಳಿ ಬಂದ ಆಹಾರದ ಕಣವೂ ಉಳಿಯದಂತೆ ಮನೆಯನ್ನು ಶುಚಿಗೊಳಿಸುವುದು, ಹಬ್ಬದ ಪಾತ್ರೆಗಳನ್ನು ಪ್ರತ್ಯೇಕವಾಗಿ ಕಾಪಾಡುವುದು ಮಹಿಳೆಯರ ಕಾರ್ಯಗಳಾಗಿದ್ದವು. ಈ ಕೆಲಸಗಳ ನಡುವೆಯೇ ಮಕ್ಕಳು ವಿಧಿನಿಷೇಧಗಳನ್ನು ಕಲಿಯುತ್ತಿದ್ದರು.

ಈ ಪರಂಪರೆಯ ಮುಖ್ಯ ಆಕರಗಳೆಂದರೆ ಮಹಿಳೆಯರ ಮಲಯಾಳಂ ಹಾಡುಗಳು. ಇವನ್ನು ಅವರು ಮಲಯಾಳಂ ಲಿಪಿಯಲ್ಲಿ ಕೈಬರಹದ ಪುಸ್ತಕಗಳಿಗೆ ಇಳಿಸಿ, ತಲೆಮಾರಿನಿಂದ ತಲೆಮಾರಿಗೆ ಮರುನಕಲು ಮಾಡುತ್ತ ಬಂದರು. ಸುಮಾರು 300 ಹಾಡುಗಳು ದೊರೆತಿವೆ. ಬೈಬಲಿನ ಕಥನಗಳು, ಅವುಗಳ ಮೇಲೆ ಬೆಳೆದ ‘ಮಿದ್ರಾಷ್’ ಎಂಬ ವ್ಯಾಖ್ಯಾನ ಕಥೆಗಳು, ಮದುವೆಯ ಸಂಭ್ರಮ, ಸಿನಗಾಗ್ ಕಟ್ಟಿದ ವೃತ್ತಾಂತ ಇವುಗಳ ವಸ್ತುಗಳು. ಕೇರಳದ ಹಾಡುಗಬ್ಬದ ಪ್ರಿಯ ಪಕ್ಷಿಯಾದ ಗಿಳಿಯೂ ಇಲ್ಲಿ ಕಾಣಿಸಿಕೊಳ್ಳುತ್ತದೆ. ಅನೇಕ ಸಂಪ್ರದಾಯನಿಷ್ಠ ಯಹೂದಿ ಸಮುದಾಯಗಳಲ್ಲಿ ಪುರುಷರೆದುರು ಮಹಿಳೆ ಹಾಡುವುದು ನಿಷಿದ್ಧ. ಕೊಚ್ಚಿಯಲ್ಲಿಯಾದರೋ ಮದುವೆ ಮತ್ತು ಹಬ್ಬಗಳಲ್ಲಿ ಅವರು ಎಲ್ಲರೆದುರು ಹಾಡುತ್ತಿದ್ದರು.

ಇದನ್ನು ಆದರ್ಶ ಸಮಾಜವೆಂದು ಭಾವಿಸಲಾಗದು. ಪರದೇಶಿ ಸಿನಗಾಗ್‌ನಲ್ಲಿ, ಬಿಡುಗಡೆ ಹೊಂದಿದ ದಾಸರ ವಂಶಸ್ಥರೆನಿಸಿಕೊಂಡವರಿಗೆ ತೋರಾ ಪಠಿಸುವ ಸಮಾನ ಹಕ್ಕು ಇರಲಿಲ್ಲ. ವಕೀಲ ಎ. ಬಿ. ಸೇಲಂ ಈ ಭೇದವನ್ನು ಸತ್ಯಾಗ್ರಹದ ಮಾರ್ಗದಿಂದ ವಿರೋಧಿಸಿದರು. ಆದರೆ ಒಂದಾಗಿ ಪ್ರಾರ್ಥಿಸದ, ಪರಸ್ಪರ ವಿವಾಹ ಸಂಬಂಧ ಬೆಳೆಸದ ಪಂಗಡಗಳ ಹಾಡಿನ ಪುಸ್ತಕಗಳಲ್ಲಿ ಅವೇ ಹಾಡುಗಳು ದೊರೆಯುತ್ತವೆ ಎಂಬುದು ಗಮನಾರ್ಹ. ಪುರುಷರ ವೇದಿಕೆ ಎಳೆದ ಗೆರೆಯನ್ನು ಈ ಹಾಡುಗಳು ದಾಟಿದ್ದವು.

1950ರ ದಶಕದಲ್ಲಿ, ಮುಖ್ಯವಾಗಿ 1954-55ರಲ್ಲಿ, ಸಮುದಾಯದ ಬಹುಪಾಲು ಜನ ಇಸ್ರೇಲಿಗೆ ತೆರಳಿ ನೆವಾತಿಮ್, ಮೆಸಿಲತ್ ಸಿಯೋನ್ ಮುಂತಾದ ಕೃಷಿ ಗ್ರಾಮಗಳಲ್ಲಿ ನೆಲೆಸಿದರು. ಅಲ್ಲಿ ಹುಟ್ಟಿದ ಮಕ್ಕಳ ಭಾಷೆ ಹೀಬ್ರೂ ಆಯಿತು. ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಪುಸ್ತಕವನ್ನು ಮೊಮ್ಮಕ್ಕಳು ಓದಲಾರದಾದರು. ಈ ಘಟ್ಟದಲ್ಲಿ ಪಿ. ಎಂ. ಜುಸ್ಸೆ, ಬಾರ್ಬರಾ ಜಾನ್ಸನ್, ಸ್ಕರಿಯಾ ಸಕರಿಯಾ ಮೊದಲಾದ ವಿದ್ವಾಂಸರು ಹಾಡುಗಳ ಸಂಗ್ರಹ ಮತ್ತು ಅಧ್ಯಯನಗಳಲ್ಲಿ ತೊಡಗಿದರು. ಕೊಚ್ಚಿಯಲ್ಲಿ ಜನಿಸಿ 1951ರಲ್ಲಿ ಇಸ್ರೇಲಿಗೆ ಹೋದ ರೂಬಿ ಡೇನಿಯಲ್ (1912-2002) ತಾವೇ ಹಾಡುಗಳನ್ನು ಇಂಗ್ಲಿಷಿಗೆ ಅನುವಾದಿಸಿದರು. ಇವರು ಪರದೇಶಿ ಸಿನಗಾಗ್‌ನಲ್ಲಿ ಸಮಾನತೆ ದೊರೆಯದ ವರ್ಗಕ್ಕೆ ಸೇರಿದವರೆಂಬುದು ಅರ್ಥಪೂರ್ಣ.

ಜಾನಪದ ಅಧ್ಯಯನವು ಮೌಖಿಕ ಮತ್ತು ಲಿಖಿತ ಎಂಬ ವಿಭಜನೆಯನ್ನು ಬಹುಕಾಲ ಅವಲಂಬಿಸಿತ್ತು. ಬರೆದಿಟ್ಟು ಹಾಡುವ, ಹಾಡಿ ಕಲಿಸುವ ಈ ಪುಸ್ತಕಗಳು ಎರಡೂ ವರ್ಗಗಳಿಗೆ ಸೇರುತ್ತವೆ. ಇವನ್ನು ಕೇವಲ ಮದುವೆಯ ಹಾಡುಗಳೆಂದು ವರ್ಗೀಕರಿಸಿದರೆ ಒಂದು ಸಮುದಾಯದ ಶಾಸ್ತ್ರಪಾಠವನ್ನೇ ಕೈಬಿಟ್ಟಂತಾಗುತ್ತದೆ. ರಬ್ಬಿಗಳಿಲ್ಲದ ಕೊಚ್ಚಿಯಲ್ಲಿ ತಾಯಿ ಮತ್ತು ಅಜ್ಜಿಯರೂ ಧರ್ಮದ ಅಧ್ಯಾಪಕರಾಗಿದ್ದರೆಂಬುದಕ್ಕೆ ಈ ಪುಸ್ತಕಗಳೇ ಪ್ರಬಲ ಸಾಕ್ಷ್ಯ.