ಸಮುದ್ರದ ಬೇಟೆ ಹಲಾಲ್, ಆದರೆ ಮರಿಮೀನು?

ಈ ಬಾರಿಯ ಜುಮಾ ಖುತ್ಬಾದ ವಿಷಯ ಮೀನು. ಇಹ್ರಾಮ್‌ನಲ್ಲಿರುವವರಿಗೆ ನೆಲದ ಬೇಟೆ ನಿಷಿದ್ಧ, ಸಮುದ್ರದ ಬೇಟೆ ಹಲಾಲ್ ಎಂದು ಸೂರಃ ಅಲ್ ಮಾಇದಃದ 96ನೇ ವಚನ ತಿಳಿಸುತ್ತದೆ. ಇಷ್ಟು ವಿಶಾಲ ಅನುಮತಿ ನೀಡಿದ ಅದೇ ಕುರ್‌ಆನ್, ಸೂರಃ ಅರ್ರೂಮ್‌ನ 41ನೇ ವಚನದಲ್ಲಿ, ಮನುಷ್ಯರ ಕೃತ್ಯಗಳಿಂದ ನೆಲದಲ್ಲಷ್ಟೇ ಅಲ್ಲ, ಸಮುದ್ರದಲ್ಲೂ ಕೆಡುಕು ಹರಡುವುದರ ಬಗ್ಗೆ ಎಚ್ಚರಿಸುತ್ತದೆ. ಮೊದಲನೆಯದು ನಮಗೆಲ್ಲ ಗೊತ್ತು. ಎರಡನೆಯದು ಮೀನು ಮಾರ್ಕೆಟ್‌ನಲ್ಲಿ ನೆನಪಾಗುವುದಿಲ್ಲ.

ನಮ್ಮ ಕರಾವಳಿಯಲ್ಲಿ ಬೂತಾಯಿ ಮೊಟ್ಟೆಯಿಡುವುದು ಹೆಚ್ಚಾಗಿ ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಟ್ರಾಲ್ ಬೋಟುಗಳು ದಡದಲ್ಲಿರಬೇಕೆಂಬ ನಿಯಮಕ್ಕೆ ಮೀನಿನ ಈ ಸಂತಾನಕಾಲವೇ ಒಂದು ಮುಖ್ಯ ಕಾರಣ. ಬೋಟಿನ ದುಡಿಮೆಯನ್ನೇ ನಂಬಿದ ಮನೆಗಳಿಗೆ ಆ ಎರಡು ತಿಂಗಳು ಕಷ್ಟವೇ. ರಜೆ ಮುಗಿದೊಡನೆ ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನು ಬಾಚಿದರೆ ಅವರು ಪಟ್ಟ ಕಷ್ಟವೆಲ್ಲ ವ್ಯರ್ಥ. ಒಂದು ಸಲವೂ ಮೊಟ್ಟೆಯಿಡದ ಆ ಮರಿಗಳಲ್ಲಿ ಬಹಳಷ್ಟು ನಮ್ಮ ತಟ್ಟೆಗೂ ಬರುವುದಿಲ್ಲ, ಫಿಶ್‌ಮೀಲ್ ಕಾರ್ಖಾನೆಯಲ್ಲಿ ಹುಡಿಯಾಗಿ ಕೋಳಿ, ಸಿಗಡಿಗಳ ಆಹಾರವಾಗುತ್ತವೆ.

ನೆರೆಯ ಕೇರಳ 2015ರಲ್ಲಿ ಹಿಡಿಯಬಹುದಾದ ಮೀನಿಗೆ ಕನಿಷ್ಠ ಅಳತೆ ಗೊತ್ತುಪಡಿಸಿತು: ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಮರಿಮೀನು ತಿನ್ನುವುದು ಹರಾಮ್ ಎಂದು ನಾವು ಹೇಳುತ್ತಿಲ್ಲ. ಆದರೆ ತಿನ್ನುವುದರಲ್ಲೂ ಮಿತಿ ಮೀರಬಾರದೆಂಬುದು ದೀನ್‌ನ ಆದೇಶವೇ ತಾನೇ? ಮಾರ್ಕೆಟಿಗೆ ಸ್ಕೇಲ್ ಒಯ್ಯಬೇಕಾಗಿಲ್ಲ. ಬೆರಳುದ್ದದ ಬಂಗುಡೆ ಕಂಡರೆ, ಎಷ್ಟೇ ಅಗ್ಗವಾಗಿದ್ದರೂ ಬಿಟ್ಟು ಬರೋಣ. ಕೊಲ್ಲತರುವಿನ ಮಾತು ಬೇರೆ, ಅದು ಬೆಳೆದರೂ ಸಣ್ಣದೇ.