ನಿಮಗಿದು ಗೊತ್ತೆ? ಕನ್ನಡ ಬಾವುಟಕ್ಕೆ ಬೇರೆಯದೇ ಕಂಬ ಬೇಕು

ನವೆಂಬರ್ 1ರ ರಾಜ್ಯೋತ್ಸವದಂದು ದಾವಣಗೆರೆಯಲ್ಲೂ, ಹರಿಹರದಲ್ಲೂ ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರು ರೂಪಿಸಿದ ಹಳದಿ-ಕೆಂಪು ಬಾವುಟ ಹಾರುತ್ತದೆ. ರಾಷ್ಟ್ರಧ್ವಜದ ಬಳಕೆಯ ನಿಯಮಗಳ ಸಂಗ್ರಹವಾದ ಭಾರತದ ಧ್ವಜ ಸಂಹಿತೆಯು (2002) ಒಂದೇ ಕಂಬದಲ್ಲಿ ತ್ರಿವರ್ಣದೊಡನೆ ಬೇರೆ ಬಾವುಟವನ್ನು ಹಾರಿಸುವುದನ್ನೂ, ಇನ್ನೊಂದನ್ನು ಅದಕ್ಕಿಂತ ಎತ್ತರದಲ್ಲಿ ಅಥವಾ ಅದಕ್ಕೆ ಸರಿಸಮನಾಗಿ ಪಕ್ಕದಲ್ಲಿ ಇಡುವುದನ್ನೂ ಒಪ್ಪುವುದಿಲ್ಲವಾದ್ದರಿಂದ, ಕನ್ನಡ ಬಾವುಟಕ್ಕೆ ಪ್ರತ್ಯೇಕವಾದ, ತುಸು ಗಿಡ್ಡನೆಯ ಕಂಬವನ್ನು ದೂರದಲ್ಲಿ ನೆಡುವುದೇ ಸರಿಯಾದ ಕ್ರಮ. ಇದರಿಂದ ನಾಡಿನ ಗೌರವಕ್ಕೆ ಕಿಂಚಿತ್ತೂ ಕುಂದಿಲ್ಲ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವು ನಡುವೆ ಗಂಡಭೇರುಂಡವಿರುವ ಹಳದಿ-ಬಿಳಿ-ಕೆಂಪು ನಾಡಧ್ವಜವನ್ನು ಅಂಗೀಕರಿಸಿ ಕೇಂದ್ರದ ಒಪ್ಪಿಗೆಗೆ ಕಳುಹಿಸಿತಾದರೂ, ಜನರು ಇಂದಿಗೂ ಅಕ್ಕರೆಯಿಂದ ಏರಿಸುವುದು ಹಳೆಯ ಎರಡು ಬಣ್ಣದ ಬಾವುಟವನ್ನೇ.